ಹದಿನೆಂಟು ಬಾಯಿಗಳ ಗಾಡಿ

ಹಚ್ಚಿದ ಗ್ರೀಸನ್ನು ಹಚ್ಚಿಲ್ಲವೆಂದು ತೀರ್ಮಾನಿಸಿ, ಶಹಾಪುರದ ರಸ್ತೆ ಕಚೇರಿಯವರು ನಮ್ಮ ಉಸ್ತಾದರನ್ನು ಕೆಲಸದಿಂದ ತೆಗೆದುಹಾಕಿದರು. ಇದನ್ನು ನಾನು ಮರೆತಿಲ್ಲ; ಮರೆಯುವ ಉದ್ದೇಶವೂ ನನಗಿಲ್ಲ. ಕಳೆದ ವಾರ ಮುದನಾಳದ ರಸ್ತೆಬದಿಯಲ್ಲಿ ಒಬ್ಬ ಚಾಲಕ ಪಿಕಪ್ ಗಾಡಿಯಡಿ ಮಲಗಿ ಗ್ರೀಸ್ ಒತ್ತುತ್ತಿದ್ದ. ಬಿಸಿ ಮಣ್ಣಿನೊಡನೆ ಬೆರೆತ ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನಡೆಯುವುದನ್ನು ಬಿಟ್ಟು ನಿಂತುಬಿಟ್ಟೆ...

ನಿಜಾಮರ ಆಡಳಿತ ಮುಗಿದು ಕಚೇರಿಯ ಕಾಗದಪತ್ರಗಳು ಉರ್ದುವಿನಿಂದ ಕನ್ನಡಕ್ಕೆ ಬರುತ್ತಿದ್ದ ವರ್ಷಗಳವು. ನಾನು ಅಲ್ಲಿ ಗುಮಾಸ್ತ. ಕಚೇರಿಗಿದ್ದ ಒಂದೇ ಪಿಕಪ್ ಗಾಡಿಯನ್ನು ನಡೆಸುವವರೂ ದುರಸ್ತಿ ಮಾಡುವವರೂ ಉಸ್ತಾದರೇ. ಅವರ ಮಾತು ಕನ್ನಡ, ಓದು ಮಾತ್ರ ಉರ್ದು. ಗ್ರೀಸ್ ತುಂಬುವ ಸಣ್ಣ ಬಾಯಿಗಳು ಆ ಗಾಡಿಗೆ ಹದಿನೆಂಟಿದ್ದವು: ಚಕ್ರದ ಕೀಲುಗಳಲ್ಲಿ, ಕಮಾನುಗಳ ತುದಿಯಲ್ಲಿ, ಕೆಲವಂತೂ ಒಣಗಿದ ಕೆಸರಿನಡಿ ಹುದುಗಿ ಕಣ್ಣಿಗೇ ಬೀಳದಂತೆ. ಅವರು ಒಂದೊಂದನ್ನೂ ತಡವಿ ಹುಡುಕಿ, ಚಿಂದಿಯಿಂದ ಒರೆಸಿ, ಹಳೆಯ ಗ್ರೀಸ್ ಹೊರಗೆ ಉಕ್ಕುವ ತನಕ ಹೊಸದನ್ನು ಒತ್ತುತ್ತಿದ್ದರು. ಒಮ್ಮೆ ನಾನು, ಊಟ ಮಾಡಿಯಾದರೂ ಬನ್ನಿ ಎಂದೆ.

"ಮುನ್ಷಿಯವರ, ನಮ್ಮ ಮನ್ಯಾಗ ಏಳು ಬಾಯಿ ಅದಾವ, ಅವು ಕಾಯ್ತಾವ. ಈ ಹದಿನೆಂಟು ಕಾಯಂಗಿಲ್ರಿ," ಎಂದರು.

ಹೊಸದಾಗಿ ಬಂದ ಅಧಿಕಾರಿ, ವಾರವಾರ ಗ್ರೀಸ್ ಹಚ್ಚಿದ್ದಕ್ಕೆ ಉಸ್ತಾದರು ಗುರುತು ಹಾಕುವ ಹಾಳೆಯೂ ಕನ್ನಡದಲ್ಲಿರಬೇಕೆಂದರು. ಗೆರೆ ಎಳೆದು ಬರೆದವನು ನಾನೇ: ಒಂದರ ಕೆಳಗೊಂದು ಹದಿನೆಂಟು ಜಾಗಗಳು, ಅಡ್ಡಕ್ಕೆ ನಾಲ್ಕು ವಾರಗಳು. ಜಾಗಗಳ ಹೆಸರನ್ನು ಉಸ್ತಾದರಿಗೆ ಓದಿ ಹೇಳಿದೆ. ವಾರಗಳು ಯಾವ ಕಡೆಯಿಂದ ಆರಂಭವಾಗುತ್ತವೆ ಎಂಬುದನ್ನೂ ಹೇಳಬೇಕೆಂದು ತೋಚಲಿಲ್ಲ.

ಎರಡು ವಾರ ಕಳೆದ ಮೇಲೆ ಅಧಿಕಾರಿ ತಪಾಸಣೆಗೆ ಬಂದರು. ಹಾಳೆಯಲ್ಲಿ ಮೊದಲ ಎರಡು ವಾರ ಖಾಲಿ. ಇನ್ನೂ ಬಾರದ ಮೂರನೆಯ, ನಾಲ್ಕನೆಯ ವಾರಗಳ ಮನೆಗಳಲ್ಲಿ ಅಚ್ಚುಕಟ್ಟಾದ ಗುರುತುಗಳು. ಅವರು ನನ್ನನ್ನು ನೋಡಿದರು, ನಾನು ಹಾಳೆಯನ್ನು ನೋಡಿದೆ. ನನಗೂ ಅರ್ಥವಾಗಲಿಲ್ಲ. ಉಸ್ತಾದರು ಸುಳ್ಳು ಬರೆದರೇ ಎಂದು ಒಂದು ಗಳಿಗೆ ನಾನೂ ಶಂಕಿಸಿದೆ... ಅದನ್ನೂ ಇಲ್ಲಿ ದಾಖಲಿಸುತ್ತೇನೆ.

ಉಸ್ತಾದರಿಗೆ ತಮ್ಮ ತಪ್ಪೇನೆಂದೇ ತಿಳಿಯಲಿಲ್ಲ. "ಸಾಹೇಬ್ರ, ಕಾಗದಾ ಬಿಡ್ರಿ. ಗಾಡಿ ತೆಳಗ ಬಗ್ಗಿ ನೋಡ್ರಿ," ಎಂದು ಮೂರು ಸಲ ಹೇಳಿದರು. ಮುಂದಿನ ವಾರಗಳ ಗ್ರೀಸನ್ನೂ ಈಗಲೇ ಹಚ್ಚಿ ಮುಗಿಸಿದ್ದಾನಲ್ಲ ಎಂದು ಅಧಿಕಾರಿ ನಕ್ಕರು. ಮಧ್ಯಾಹ್ನದೊಳಗೆ ಕೆಲಸ ಹೋಯಿತು.

ಮರುದಿನ ಹಳೆಯ ಉರ್ದು ಹಾಳೆಯನ್ನು ತೆಗೆದು ನೋಡಿದಾಗ ಹೊಳೆಯಿತು. ಉರ್ದು ಬರಹ ಬಲದಿಂದ ಎಡಕ್ಕೆ ಸಾಗುವುದರಿಂದ ಅದರಲ್ಲಿ ಮೊದಲ ವಾರ ಬಲತುದಿಯಲ್ಲಿತ್ತು. ವರ್ಷಗಟ್ಟಲೆಯ ರೂಢಿಯಂತೆ ಅವರು ನನ್ನ ಕನ್ನಡದ ಹಾಳೆಯನ್ನೂ ಬಲಗಡೆಯಿಂದಲೇ ತುಂಬುತ್ತ ಬಂದಿದ್ದರು. ಎರಡೂ ಹಾಳೆ ಹಿಡಿದು ಅಧಿಕಾರಿಯ ಮುಂದೆ ನಿಂತೆ. "ಹಳೇ ಸರ್ಕಾರದ ಕಾಗದ ನನ್ನ ಮೇಜಿನ ಮೇಲೆ ಇಡಬೇಡಿ," ಎಂದರು. ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ.

ಉಸ್ತಾದರು ಕುಟುಂಬದೊಡನೆ ಸುರಪುರಕ್ಕೆ ಹೋದರು. ಅಲ್ಲಿ ಎತ್ತಿನ ಬಂಡಿಗಳ ಗಾಲಿ ಸರಿಮಾಡುತ್ತಿದ್ದರೆಂದು ಕೇಳಿದೆ. ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ... ಹೋಗುವಷ್ಟರಲ್ಲಿ ಅವರಿರಲಿಲ್ಲ. ತಪ್ಪು ನನ್ನ ಹಾಳೆಯದೋ, ಅವರ ರೂಢಿಯದೋ, ನನ್ನೊಳಗೆ ಇಂದಿಗೂ ಬಗೆಹರಿದಿಲ್ಲ.

ನನ್ನ ಪಾಲನ್ನು ನಾನು ಒಪ್ಪಿಕೊಂಡಿದ್ದೇನೆ. ಆ ಆದೇಶಕ್ಕೆ ಸಹಿ ಹಾಕಿದವರು ಯಾರಾದರೂ ಇನ್ನೂ ಇದ್ದರೆ ಉತ್ತರಿಸಲಿ. ಗಾಡಿ ಅಂಗಳದಲ್ಲೇ ನಿಂತಿತ್ತು, ನಿಮ್ಮಿಂದ ಹತ್ತು ಹೆಜ್ಜೆಯಲ್ಲಿ. ಒಂದು ಸಂಸಾರದ ಅನ್ನ ಕಸಿಯುವ ಮೊದಲು ಒಮ್ಮೆ ಬಗ್ಗಿ ನೋಡಲು ನಿಮಗೇನು ಅಡ್ಡಿಯಿತ್ತು?