ಗುಡಿಸಿಹೋದ ಬೂದಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ ಪಕ್ಕದ ವಾದಿ ಅದಾಯ್‌ನ ರಸ್ತೆ ಕಂಪೆನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಒಮಾನಿನ ಒಳನಾಡಿನಲ್ಲಿ ರಸ್ತೆಗೆಂದು ನೆಲ ಅಗೆಯುವಾಗ ಸಾವಿರಾರು ವರ್ಷ ಹಳೆಯ ತೋಟದ ಮನೆಯೊಂದರ ಅವಶೇಷ ಸಿಕ್ಕಿತು. ಅದನ್ನು ಪರೀಕ್ಷಿಸಲು ವಿದೇಶದಿಂದ ಒಬ್ಬರು ಪ್ರೊಫೆಸರಮ್ಮ ಬಂದರು. ನಕ್ಷೆ ಬರೆಯಲು ನನ್ನನ್ನು, ಮಣ್ಣು ತೆಗೆಯಲು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರನ್ನು ಕಂಪೆನಿ ಅಲ್ಲಿಗೆ ಕಳುಹಿಸಿತು.

ಕಾಕಾ ಉಳ್ಳಾಲದ ಕಡೆಯ ಬ್ಯಾರಿ, ಐವತ್ತು ದಾಟಿದವರು. ಕ್ರಿಸ್ತುವನಾದ ನನ್ನನ್ನು ಊರಿನ ರೂಢಿಯಂತೆ ‘ಪೊರ್ಬುಗಳೇ’ ಎನ್ನುತ್ತಿದ್ದರು. ಊರಲ್ಲಿ ಅವರ ಮನೆಗೆ ಗೋಡೆ ಎದ್ದಿತ್ತು, ಮಾಡು ಆಗಿರಲಿಲ್ಲ. ಇನ್ನೆರಡು ವರ್ಷ ಇಲ್ಲಿ ದುಡಿದರೆ ಅದೂ ಆದೀತು ಎನ್ನುತ್ತಿದ್ದರು.

ನಾವು ಅಗೆಯುತ್ತಿದ್ದ ಹಳೆಯ ಮನೆಯೆಂದರೆ ಮೊಣಕಾಲೆತ್ತರದ ಗೋಡೆಗಳು, ಮೂರು ಕೋಣೆ, ಮೂಲೆಯಲ್ಲೊಂದು ಒಲೆ. ಮಣ್ಣಿನ ಗೋಡೆ ನೋಡಲು ಸಮುದ್ರ ದಾಟಿ ಬರಬೇಕೇ ಎಂದು ನಾನು ಗೊಣಗಿದ್ದೂ ಉಂಟು.

ಒಂದು ಬೆಳಿಗ್ಗೆ ಪ್ರೊಫೆಸರಮ್ಮ ಸರಕಾರದ ದೊಡ್ಡವರನ್ನು ಕರೆತರಲು ಮಸ್ಕತ್‌ಗೆ ಹೋದರು. ನಾಲ್ಕು ಜನ ಬರುವಾಗ ಮನೆ ಹೀಗಿರಬಾರದು ಎನ್ನಿಸಿತು ನನಗೆ. ಗಲೀಜು ಕಂಡರೆ ಮೊದಲೇ ಆಗುವುದಿಲ್ಲ.

“ಕಾಕಾ, ಒಳಗೆಲ್ಲ ಒಮ್ಮೆ ಚಂದ ಮಾಡಿ ಗುಡಿಸಿ. ಒಲೆಯಲ್ಲಿ ಬೂದಿ ಉಂಟಲ್ಲ, ಅದನ್ನೂ ತೆಗೀರಿ.”

“ಅಮ್ಮನತ್ರ ಕೇಳುದು ಬೇಡವಾ ಪೊರ್ಬುಗಳೇ?”

“ಗುಡಿಸ್ಲಿಕ್ಕೆ ಎಂತ ಕೇಳುದು ಮಾರಾಯ್ರೆ!”

ಅವರು ಖರ್ಜೂರದ ಗರಿ ಕಟ್ಟಿದ ಹಿಡಿಸೂಡಿಯಿಂದ ಗುಡಿಸಿ, ಊರ ಅಂಗಳಕ್ಕೆ ಮಾಡುವಂತೆ ನೀರೂ ಚಿಮುಕಿಸಿದರು. ನೆಲ ನಿಜಕ್ಕೂ ಚಂದ ಕಾಣುತ್ತಿತ್ತು.

ಮಧ್ಯಾಹ್ನ ಬಂದ ಪ್ರೊಫೆಸರಮ್ಮ ಒಲೆಯ ಮುಂದೆ ಕುಸಿದು ಕೂತು ಅತ್ತೇಬಿಟ್ಟರು. ಮನೆ ಸರಿಯಾಗಿ ಎಷ್ಟು ಹಳೆಯದು, ಅಲ್ಲಿದ್ದವರು ಏನು ತಿನ್ನುತ್ತಿದ್ದರು ಎಂಬುದೆಲ್ಲ ಆ ಬೂದಿಯಿಂದಲೇ ತಿಳಿಯಬೇಕಿತ್ತಂತೆ. ಯಾರು ಮಾಡಿದ್ದು ಎಂದು ಅವರ ಜೊತೆ ಬಂದಿದ್ದ ನಮ್ಮ ಮ್ಯಾನೇಜರ್ ಗುಡುಗಿದ. ನನ್ನ ಹೆಂಡತಿಯ ವೀಸಾ ಅರ್ಜಿ ಆಗ ಅವನ ಮೇಜಿನ ಮೇಲಿತ್ತು. ನಾನು ತಲೆ ತಗ್ಗಿಸಿ ಪೆನ್ಸಿಲ್ ಕೆತ್ತುತ್ತಾ ಕೂತೆ. ಕಾಕಾ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ತಮ್ಮದೇ ತಪ್ಪು ಎಂದು ಹಿಂದಿಯಲ್ಲಿ ಹೇಳಿದರು.

“ಖಲಾಸ್,” ಎಂದ ಮ್ಯಾನೇಜರ್. ವಾರದೊಳಗೆ ಕಾಕಾರನ್ನು ಊರಿಗೆ ಕಳುಹಿಸಿದರು.

“ಬೇಜಾರು ಮಾಡ್ಬೇಡಿ ಪೊರ್ಬುಗಳೇ, ನಿಮ್ಮದು ಹೊಸ ಸಂಸಾರ ಅಲ್ವಾ,” ಎಂದರು ಹೊರಡುವಾಗ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಆ ನನ್ನ ಹೇಡಿತನಕ್ಕೆ ಇಂದಿಗೂ ನಾಚುತ್ತೇನೆ.

ಅವರು ಹೋದ ಮರುದಿನ ನಕ್ಷೆ ಮುಗಿಸಬೇಕಿತ್ತು. ಒಲೆಯ ಜಾಗದಲ್ಲಿ ಏನು ಬರೆಯಲಿ ಎಂದು ಮ್ಯಾನೇಜರನ್ನು ಕೇಳಿದೆ. ಅವನು ಹೇಳಿದ್ದನ್ನು ಸ್ಟೆನ್ಸಿಲ್ ಹಿಡಿದು, ಒಂದೊಂದೇ ಅಕ್ಷರವಾಗಿ ಕೂರಿಸಿದೆ: ‘ಕೂಲಿಯಾಳಿನ ತಪ್ಪಿನಿಂದ ನಾಶವಾಗಿದೆ.’ ಕೆಳಗೆ, ನಕ್ಷೆ ಬರೆದವರು ಎಂಬಲ್ಲಿ, ನನ್ನ ಹೆಸರು ಹಾಕಿದೆ.