ಮುಳ್ಳು ಕುಣಿದ ಕ್ಯಾಸೆಟ್ಟು

ಆ ಬೀದಿಗೆಲ್ಲ ಅವಳು ಕ್ಯಾಸೆಟ್ ಅಕ್ಕ. ಅಂಗಡಿ ಮುಚ್ಚಿ ಹದಿನೆಂಟು ವರ್ಷವಾದರೂ ಆ ಹೆಸರು ಮಾತ್ರ ಬಾಗಿಲು ಹಾಕಿರಲಿಲ್ಲ. ಅಂಗಡಿ ಇದ್ದಾಗ ಮುಂದುಗಡೆ ಗಂಡನ ಗಲ್ಲಾ, ಹಿಂದುಗಡೆ ಅಡುಗೆಮನೆ, ನಡುವಿನ ಕಿರುಕೋಣೆಯಲ್ಲಿ ರೆಕಾರ್ಡ್ ಮಾಡುವ ಯಂತ್ರ. ಗಿರಾಕಿಗಳ ಜೊತೆ ಸಂಗೀತದ ಬಗ್ಗೆ ಮಾತಾಡುವುದು ಗಂಡನ ಕೆಲಸ. ಕ್ಯಾಸೆಟ್ ಹಾಕುವುದು, ತಿರುಗಿಸುವುದು, ಪೆನ್ಸಿಲ್ ತೂರಿಸಿ ಸಡಿಲ ಟೇಪು ಸುತ್ತುವುದು, ಚೀಟಿ ಅಂಟಿಸುವುದು ಅವಳದು. ಅದನ್ನು ಯಾರೂ ಕೆಲಸ ಅನ್ನುತ್ತಿರಲಿಲ್ಲ. ‘ಹೇಗೂ ಮನೇಲೇ ಇರ್ತಾಳಲ್ಲ’ ಅನ್ನುತ್ತಿದ್ದರು.

ಒಂದು ಸೈಡ್ ಎಂದರೆ ಅರ್ಧ ಗಂಟೆ. ಅವಳ ಗಡಿಯಾರವೇ ಅದು. ಬಟ್ಟೆ ಒಗೆಯಲು ಎರಡು ಸೈಡ್. ಅತ್ತೆಗೆ ಸ್ನಾನ ಮಾಡಿಸಿ ತಲೆ ಬಾಚಲು ಒಂದು. ಅತ್ತೆಗೆ ಸಿಟ್ಟು ಬಂದ ದಿನ ಒಂದೂವರೆ. ಗಿರಾಕಿಗಳ ಮಾತಿಗೆ ಅಡ್ಡಿಯಾಗದಂತೆ ಸದ್ದು ಪೂರ್ತಿ ಇಳಿಸಿರಬೇಕು. ಮುಗಿದ ಮೇಲೆ ಮೊದಲ ಹತ್ತು ಸೆಕೆಂಡು, ಕೊನೆಯ ಹತ್ತು ಸೆಕೆಂಡು ಕೇಳಿ ನೋಡಿದರಾಯಿತು. ಹೀಗಾಗಿ ಸಾವಿರಾರು ಹಾಡುಗಳ ತಲೆ ಬಾಲ ಅವಳಿಗೆ ಬಾಯಿಪಾಠ, ಹೊಟ್ಟೆಯಲ್ಲೇನಿದೆ ಗೊತ್ತಿಲ್ಲ. ಹಾಡನ್ನು ಅವಳು ಕೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚು: ಯಂತ್ರದ ಗಾಜಿನ ಹಿಂದೆ, ಟೇಪಿನ ಸದ್ದಿಗೆ ತಕ್ಕಂತೆ, ಸಣ್ಣ ಮುಳ್ಳೊಂದು ಏಳುವುದು, ಬೀಳುವುದು, ನಡುಗುವುದು.

ಆ ಕಾಲದಲ್ಲೇ ಒಮ್ಮೆ ಹೊಲಿಗೆ ಟೀಚರೊಬ್ಬರು ಕ್ಯಾಸೆಟ್ ತಂದು, ಇನ್ನೊಂದು ಪ್ರತಿ ಬೇಕೆಂದರು.

“ಯಾವ ಚೀಟಿ ಹಾಕೋಣ? ಶಾಸ್ತ್ರೀಯನಾ, ಸಿನಿಮಾನಾ, ಭಕ್ತಿನಾ?” ಗಂಡ ಕೇಳಿದ.

“ನಮ್ಮಕ್ಕ ಹಾಡಿದ್ದು ಸಾರ್. ಹಾಡು ಅಂತ ಬರೀರಿ.”

“ಹಾಡು ಅಂತ ಒಂದು ಜಾತಿ ನಮ್ಮಲ್ಲಿಲ್ಲಮ್ಮ.”

ಟೀಚರ್ ನಕ್ಕು ಹೋದರು. ಗಂಡ ಹತ್ತು ಸೆಕೆಂಡು ಕೇಳಿದ, ಬರೀ ಸೊರಸೊರ. “ಖಾಲಿ ಕಣೇ. ಬಂದಾಗ ವಾಪಸ್ ಕೊಟ್ಬಿಡು” ಎಂದು ಸದ್ದು ಇಳಿಸಿ ಮುಂದಕ್ಕೆ ಹೋದ. ಕ್ಯಾಸೆಟ್ ಓಡುತ್ತಲೇ ಇತ್ತು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಾದುಹೋಗುವಾಗ ಅವಳು ಕಂಡಳು: ಮುಳ್ಳು ಚಂಗನೆ ಎದ್ದು ಕುಣಿಯುತ್ತಿತ್ತು. ಕೈ ಒದ್ದೆ, ಅತ್ತೆ ಕೂಗುತ್ತಿದ್ದರು. ಆಮೇಲೆ ಕೇಳಿದರಾಯಿತು ಅಂದುಕೊಂಡಳು. ಟೀಚರಿಗೆ ವರ್ಗವಾಗಿ ಅವರು ಮತ್ತೆ ಬರಲಿಲ್ಲ. ಆ ‘ಆಮೇಲೆ’ಯೂ ಮೂವತ್ತು ವರ್ಷ ಬರಲಿಲ್ಲ.

ಈಗ ಗಂಡ ಹಳೆಯ ಕ್ಯಾಸೆಟ್ ಡಬ್ಬಗಳನ್ನು ಹರವಿಕೊಂಡು ಕೂತಿದ್ದ. ಗುಜರಿಯವನು ಬರುವವನಿದ್ದ. ಚೀಟಿ ಇದ್ದದ್ದು ಒಂದು ಕಡೆ, ಇಲ್ಲದ್ದು ಗುಜರಿಗೆ. ಅವಳು ಬಟ್ಟೆ ಕಪಾಟಿನಿಂದ ಆ ಕ್ಯಾಸೆಟ್ ತಂದು ಯಂತ್ರಕ್ಕೆ ಹಾಕಿದಳು.

“ಅದು ಖಾಲಿ ಅಂತ ಆಗಲೇ ಹೇಳಿದ್ನಲ್ಲೇ.”

“ನಾನು ಮುಳ್ಳು ಕುಣಿಯೋದನ್ನ ನೋಡಿದೀನಿ ರೀ.”

“ಮೂವತ್ತು ವರ್ಷದ ಹಿಂದೆ! ನಿನ್ನೆ ಕನ್ನಡಕ ಎಲ್ಲಿಟ್ಟೆ ಅನ್ನೋದು ನೆನಪಿಲ್ಲ ನಿಂಗೆ.”

“ಅದು ನಿಮ್ಮ ಕನ್ನಡಕ. ನಾನ್ಯಾಕೆ ನೆನಪಿಟ್ಕೊಳ್ಳಲಿ?”

ನೋಡಿದ್ದು ನಿಜವೋ, ಇಷ್ಟು ವರ್ಷ ಬರೀ ಆಸೆಯನ್ನೇ ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದಳೋ, ಅವಳಿಗೇ ಅಳುಕಿತ್ತು. ಸದ್ದು ಪೂರ್ತಿ ಏರಿಸಿ ಕುರ್ಚಿಯಲ್ಲಿ ಕೂತಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈ ತಾನಾಗಿ ಟವೆಲ್ ಮಡಿಸತೊಡಗಿತು. ಅದನ್ನು ಕೆಳಗಿಟ್ಟಳು.

ಸೊರಸೊರ. ಹತ್ತು ಸೆಕೆಂಡು. ಒಂದು ನಿಮಿಷ. ಗಂಡ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಒಂದು ಹೆಣ್ಣು ದನಿ, ಯಾವ ಪೀಠಿಕೆಯೂ ಇಲ್ಲದೆ, ಪಕ್ಕದಲ್ಲೇ ಕೂತು ಹಾಡಿದಂತೆ ಶುರುವಾಯಿತು: “ಬಾಗಿಲು ತೆರೆದೇ ಇದೆ, ಯಾರನ್ನು ಕರೆಯಲಿ...”

ಗಂಡನ ಕೈ ಡಬ್ಬದ ಮೇಲೆಯೇ ನಿಂತಿತು. “ಶಾಸ್ತ್ರೀಯ ಅಲ್ಲ. ಭಕ್ತಿನೂ ಅಲ್ಲ. ಜೋಗುಳದ ಥರ—”

“ಶ್!”

ಇದ್ದಕ್ಕಿದ್ದಂತೆ ಹಾಡು ನಿಂತಿತು. “ಬಂದೆ, ಇರಿ!” ಎಂದು ಯಾರಿಗೋ ಹೇಳಿ ಆ ಹೆಂಗಸು ಎದ್ದು ಹೋದಳು. ಮತ್ತೆ ಸೊರಸೊರ.

“ಮುಗೀತು” ಎಂದು ಗಂಡ ಗುಂಡಿಗೆ ಕೈ ಚಾಚಿದ.

“ಮುಟ್ಟಬೇಡಿ. ಬರ್ತಾಳೆ.”

“ನಿಂಗೆ ಹೇಗೆ ಗೊತ್ತು?”

“ನಲ್ಲಿ ಸದ್ದು ಕೇಳಿಸ್ತಿಲ್ವಾ? ಬಕೆಟ್ ತುಂಬಬೇಕಲ್ಲ.”

ಬಕೆಟ್ ತುಂಬಿತು. ನಲ್ಲಿ ನಿಂತಿತು. ದನಿ ಬಂದು ಬಿಟ್ಟ ಪದದಿಂದಲೇ ಎತ್ತಿಕೊಂಡಿತು. ಮತ್ತೊಮ್ಮೆ ಯಾರೋ ಕರೆದರು, ಎದ್ದಳು, ಬಂದಳು. ಆ ಖಾಲಿ ನಿಮಿಷಗಳೂ ಕ್ಯಾಸೆಟ್ ಅಕ್ಕನಿಗೆ ಹಾಡಿನಷ್ಟೇ ಸ್ಪಷ್ಟವಾಗಿ ಕೇಳುತ್ತಿದ್ದವು: ಇದು ಪಾತ್ರೆ ಇಳಿಸಿದ್ದು, ಇದು ಕಸಬರಿಗೆ, ಇದು ಮಗುವನ್ನು ಸೊಂಟಕ್ಕೇರಿಸಿದ್ದು. ಹೊರಗೆ ಗುಜರಿಯವನು ಬಾಗಿಲು ಬಡಿದ. ಅವಳು ಏಳಲಿಲ್ಲ. ಗಂಡ ಒಂದು ಕ್ಷಣ ಅಭ್ಯಾಸಬಲದಿಂದ ಅವಳ ಮುಖ ನೋಡಿದ. ಆಮೇಲೆ ತಾನೇ ಎದ್ದು ಹೋಗಿ, ಪಿಸುದನಿಯಲ್ಲಿ ಏನೋ ಹೇಳಿ ಕಳಿಸಿ, ಕಾಲ್ತುದಿಯಲ್ಲಿ ವಾಪಸಾದ.

ಮೂರನೆಯ ಸಲ ಆಕೆ ಬಹಳ ಹೊತ್ತು ಬರಲಿಲ್ಲ.

“ಈಗೆಲ್ಲಿಗೆ ಹೋದ್ಲೇ?” ಗಂಡ ಕಳವಳದಿಂದ ಕೇಳಿದ.

“ಬಟ್ಟೆ ತೆಗೆಯೋಕೆ ಹೋಗಿರ್ತಾಳೆ. ಗಾಳಿ ಎದ್ದಿದೆ ಕೇಳಿ.”

ಕೊನೆಗೂ ಚಾಪೆ ಸರಿದ ಸದ್ದು. ಏದುಸಿರು. ಆಮೇಲೆ ಆ ದನಿ ತನ್ನನ್ನೇ ಕೇಳಿಕೊಂಡಿತು: “ಅಯ್ಯೋ, ಎಲ್ಲಿಗೆ ನಿಲ್ಲಿಸಿದ್ದೆ ನಾನು?”

ಎಲ್ಲಾ ರಾಗಗಳ ಹೆಸರು ಬಲ್ಲ ಗಂಡ ಪೆಚ್ಚಾಗಿ ಹೆಂಡತಿಯತ್ತ ನೋಡಿದ. ಅವಳು ಮುಂದಕ್ಕೆ ಬಾಗಿ, ತನಗೇ ಗುರುತು ಸಿಗದಷ್ಟು ಒರಟಾದ ದನಿಯಲ್ಲಿ, ಆಕೆ ಬಿಟ್ಟುಹೋಗಿದ್ದ ಸಾಲನ್ನು ಹಾಡಿ ಕೊಟ್ಟಳು.