ಕರೆದ ಗಾಳಿ

ಕೋಗಿಲಬನದ ಹತ್ತಿರ ಕಾಳಿ ನದಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದರೆ ಸಾಕು, ನನಗೆ ಮನೆಯ ನೆನಪಾಗುತ್ತದೆ. ಇಂಥ ನಾನು ಒಂದು ಹಾಯಿದೋಣಿಯ ಕಪ್ತಾನನಾಗಿದ್ದೇನೆ ಎಂದರೆ ದಯವಿಟ್ಟು ನಗಬೇಡಿ. ತಡೆಯಲಾಗದಿದ್ದರೆ ಸದ್ದಿಲ್ಲದೆ ನಗಿ. ದೋಣಿ ಇರುವುದು ನನ್ನ ಮೊಬೈಲಿನಲ್ಲಿ. ದಾಂಡೇಲಿಯ ಕಾಲೇಜಿನಲ್ಲಿ ಹುಡುಗರಿಗೆ ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸುವುದು ನನ್ನ ಉದ್ಯೋಗವಾದರೂ ಹಗ್ಗದ ಗಂಟೊಂದನ್ನು ಹಲ್ಲಿನ ಸಹಾಯವಿಲ್ಲದೆ ಬಿಡಿಸಿದವನಲ್ಲ.

ಈ ಪಟ್ಟ ಕಟ್ಟಿದವಳು ಮಗಳು ವಿದ್ಯಾ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಅವಳು ರಜೆಗೆ ಬಂದಿದ್ದಾಗ, ಎಲ್ಲಿದ್ದೀ, ಉಂಡೆಯಾ, ಸಮುದ್ರ ಹೇಗಿದೆ ಎಂಬ ನನ್ನ ನಿತ್ಯದ ಪ್ರಶ್ನಾವಳಿಗೆ ಬೇಸತ್ತು, ಸಮುದ್ರ ಹೇಗಿದೆಯೆಂದು ನೀನೇ ನೋಡಿಕೋ ಎಂದು ಈ ಪಂದ್ಯದಾಟವನ್ನು ಹಾಕಿಕೊಟ್ಟು ಹೋದಳು. ದೇಶವಿದೇಶಗಳ ಸಾವಿರಾರು ಜನ ತಂತಮ್ಮ ಮನೆಯಲ್ಲೇ ಕೂತು ಆಡುವ ಆಟ. ದೋಣಿ ಸುಳ್ಳು, ಹಾಯಿ ಸುಳ್ಳು, ಕಪ್ತಾನನಂತೂ ಶುದ್ಧ ಸುಳ್ಳು. ಆದರೆ ಗಾಳಿ ಮಾತ್ರ ನಿಜ. ಈ ಹೊತ್ತು ಪಂದ್ಯ ನಡೆಯುವ ಸಾಗರದ ಮೇಲೆ ಯಾವ ಗಾಳಿ ಬೀಸುತ್ತಿದೆಯೆಂದು ಹವಾಮಾನದವರು ಹೇಳುತ್ತಾರೋ ಅದೇ ಗಾಳಿ ನಮ್ಮ ಪರದೆಯ ಮೇಲೂ ಬೀಸುತ್ತದೆ. ಹಾಯಿದೋಣಿ ಹತ್ತಿದ ಮೇಲೆ ಹಾಯಾಗಿ ಇರಲು ಆಗದೆ ಹೋದದ್ದು ಈ ಒಂದು ನಿಜದಿಂದಲೇ.

ಮೊದಮೊದಲು ನಾನು ಗುರಿಯತ್ತ ನೆಟ್ಟಗೆ ಗೆರೆ ಎಳೆದು ದೋಣಿ ಬಿಡುತ್ತಿದ್ದೆ. ಅದು ಗಾಳಿಯಿಲ್ಲದ ನೀರಿನಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿರುತ್ತಿತ್ತು. ಇಲ್ಲಿಂದ ಕುಂಬಾರವಾಡಕ್ಕೆ ಹೋಗಬೇಕಾದವನು ನಕ್ಷೆ ನೋಡುವುದಿಲ್ಲ, ಬಸ್ಸು ಯಾವಾಗ, ಯಾವ ಕಡೆಯಿಂದ ಎಂದು ವಿಚಾರಿಸುತ್ತಾನೆ. ಸಮುದ್ರದಲ್ಲೂ ಗಾಳಿ ಎಲ್ಲಿದೆಯೋ ಅಲ್ಲಿಗೆ ಹೋಗಿ ಹತ್ತಿಕೊಳ್ಳಬೇಕು ಎಂಬುದು ತಿಳಿಯುವಷ್ಟರಲ್ಲಿ ನನ್ನ ಹಿಂದೆ ಯಾರೂ ಉಳಿದಿರಲಿಲ್ಲ.

ಆಗ ನೆರವಿಗೆ ಬಂದವಳು ಹೆಂಡತಿ ಗಿರಿಜಾ. ಹಳಿಯಾಳದ ಕಡೆಯ ಒಕ್ಕಲುತನದ ಮನೆಯಲ್ಲಿ ಭತ್ತ ತೂರಿ ಬೆಳೆದವಳಾದ್ದರಿಂದ ಗಾಳಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಹಕ್ಕು ತನಗಿದೆಯೆಂದು ಅವಳ ನಂಬಿಕೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಇಲ್ಲದಿದ್ದರೆ ಹೊಟ್ಟು ಮುಖಕ್ಕೆ ಬರುತ್ತದೆ ಎಂದಳು. ನಾನು ದೋಣಿಯ ಬೆನ್ನನ್ನು ಗಾಳಿಗೆ ನೇರವಾಗಿ ಕೊಟ್ಟೆ. ಹಾಯಿದೋಣಿಗೆ ಓರೆಗಾಳಿಯೇ ಓಟವೆಂದೂ ನೇರ ಬೆನ್ನಿಗೆ ಬಿದ್ದ ಗಾಳಿಗೆ ಅದು ಮಂಕಾಗುತ್ತದೆಂದೂ ಗೊತ್ತಾಗುವ ಹೊತ್ತಿಗೆ ಇನ್ನೊಂದು ಪಂದ್ಯ ಮುಳುಗಿತ್ತು. ಸಾಗರಕ್ಕೂ ಕಣಕ್ಕೂ ವ್ಯತ್ಯಾಸವಿದೆಯಲ್ಲವೇ ಎಂದರೆ, ಹೊಟ್ಟಂತೂ ಮುಖಕ್ಕೆ ಬರಲಿಲ್ಲವಲ್ಲ ಎಂದಳು.

ಅವಳಿಂದ ಕಲಿತ ಇನ್ನೊಂದು ವಿದ್ಯೆ ಮಾತ್ರ ನನಗೆ ಬಹಳ ಹಿಡಿಸಿತು. ತೂರುವಾಗ ಗಾಳಿ ನಿಂತುಬಿಟ್ಟರೆ ಅವರ ಮನೆಯಲ್ಲಿ ಹೆಂಗಸರು ಮೊರ ಕೆಳಗಿಟ್ಟು, ತೌರಿನವರನ್ನು ಕರೆದ ಹಾಗೆ, 'ಬಾರೋ ಗಾಳೆಪ್ಪಾ, ಬಾ' ಎಂದು ಕರೆಯುತ್ತಿದ್ದರಂತೆ. ನಾನೂ ಬೆಳಗಿನ ಚಹಾದ ಮುಂದೆ ಮೊಬೈಲು ಹಿಡಿದು ಹಾಗೆಯೇ ಕರೆಯತೊಡಗಿದೆ. ಕಾಕತಾಳೀಯವೋ ಏನೋ, ಗಾಳಿ ಬರುತ್ತಲೂ ಇತ್ತು.

ಈ ಮಳೆಗಾಲದ ಪಂದ್ಯ ಆಫ್ರಿಕಾದ ದಕ್ಷಿಣ ತುದಿಯಿಂದ ಆಸ್ಟ್ರೇಲಿಯಾಕ್ಕೆ. ಉತ್ತರದ ದಾರಿ ಸೌಮ್ಯ, ನಿಧಾನ. ದಕ್ಷಿಣಕ್ಕೆ ಇಳಿದಷ್ಟೂ ಗಾಳಿ ಬಿರುಸು. ನಾನು ಧೈರ್ಯ ಮಾಡಿ ದಕ್ಷಿಣಕ್ಕಿಳಿದೆ. ಹಿಂದಿನಿಂದ ಒಂದು ವಾಯುಭಾರ ಕುಸಿತ ಬರುತ್ತಿತ್ತು. ನಕ್ಷೆಯ ಮೇಲೆ ಅದು ಮೊದಲು ಹಳದಿ, ಆಮೇಲೆ ಕೇಸರಿ, ಒಂದು ಬೆಳಿಗ್ಗೆ ನೋಡಿದರೆ ಕಡುಗೆಂಪು. ಆಟದ ದೋಣಿ ಮುಳುಗುವುದಿಲ್ಲ. ಬಿರುಗಾಳಿಯೆಂದರೆ ಬರೀ ಲಾಭ. ಜೀವಮಾನದಲ್ಲಿ ಮೊದಲ ಸಲ ನಾನು ಮುಂದಿನವರ ಸಾಲಿನಲ್ಲಿದ್ದೆ. 'ಬಾರೋ ಗಾಳೆಪ್ಪಾ, ಇನ್ನೂ ಜೋರು ಬಾ' ಎಂದು ಉತ್ಸಾಹದಿಂದ ಕರೆದೆ.

ಗಿರಿಜಾ ಒಲೆಯ ಮುಂದಿನಿಂದ ಬಂದು ಪರದೆಗೆ ಬಗ್ಗಿ ನೋಡಿ, ವಿದ್ಯಾಳ ಹಡಗು ಈಗ ಎಲ್ಲಿದೆ ಎಂದು ಕೇಳಿದಳು.

ನನ್ನ ಬೆರಳು ಅಲ್ಲಿಯೇ ನಿಂತಿತು. ಅವಳ ಹಡಗೂ ಅದೇ ವಾರ ಅದೇ ದಿಕ್ಕಿಗೆ ಹೊರಟಿತ್ತು. ಗೊತ್ತಿಲ್ಲದ ವಿಷಯವಲ್ಲ; ಗೊತ್ತಿದ್ದೂ ಎರಡನ್ನೂ ಒಟ್ಟಿಗೆ ನೆನೆದಿರಲಿಲ್ಲ. ಲೆಕ್ಕ ಹಾಕಿ ತೋರಿಸಿದ ಜಾಗ ಆ ಕೆಂಪಿನ ಅಂಚಿನಲ್ಲೇ ಇತ್ತು. ಅವಳ ಮೆಸೇಜು ಹಿಂದಿನ ಬೆಳಿಗ್ಗೆಯಿಂದ ಬಂದಿರಲಿಲ್ಲ. ನಾನು ಕಳಿಸಿದ್ದಕ್ಕೆ, ಇನ್ನೂ ತಲುಪಿಲ್ಲವೆಂಬ ಒಂಟಿ ಗುರುತೇ ಇತ್ತು. ಅಷ್ಟು ದೊಡ್ಡ ಹಡಗಿಗೆ ಏನೂ ಆಗುವುದಿಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ವಾಯುಭಾರ ಕುಸಿದಷ್ಟೂ ನನ್ನ ಎದೆಯ ಭಾರ ಏರುತ್ತಿತ್ತು. ಕಪ್ತಾನನಿಗೆ ಬೇಕಾದ ಗಾಳಿ ಅಪ್ಪನಿಗೆ ಬೇಡವಾಗಿತ್ತು, ಮತ್ತು ಆ ಗಾಳಿ ಒಂದೇ ಆಗಿತ್ತು.

"ಗಾಳಿ ಕರೀಬ್ಯಾಡ್ರಿ," ಎಂದಳು ಗಿರಿಜಾ.

ಹಾಗಾದರೆ ಕರೆದದ್ದನ್ನು ಹಿಂದಕ್ಕೆ ಕಳಿಸುವ ಮಾತೊಂದನ್ನು ಹೇಳಿಕೊಡು ಎಂದು ಅರ್ಧ ನಗುತ್ತಾ, ಅರ್ಧ ಬೇಡುತ್ತಾ ಕೇಳಿದೆ. ಅವಳು ನಿಜವಾಗಿಯೂ ನೆನೆಸಿಕೊಳ್ಳುತ್ತಾ ನಿಂತಳು.

"ನಮ್ಮ ಕಣದಾಗ ಗಾಳಿನ ಹೊಳ್ಳಿ ಹೋಗು ಅಂತ ಯಾರೂ ಅಂದಿಲ್ರಿ. ಹೆಂಗ ಅನ್ನೂದೂ ಗೊತ್ತಿಲ್ಲ. ನೀವಾದ್ರೂ ಹೊಳ್ರಿ."

ಇದರಲ್ಲಿ ತರ್ಕವಿಲ್ಲ ಎಂದು ವಾದಿಸಬಹುದಿತ್ತು. ನಾಲ್ಕು ಅಂಗುಲದ ಪರದೆಯ ದೋಣಿ ಹೊರಳಿದರೆ ಸಾಗರದ ಗಾಳಿ ತಗ್ಗುವುದಿಲ್ಲವೆಂಬುದು ಅವಳಿಗೂ ಗೊತ್ತು. ಆದರೂ ನಾನು ದೋಣಿಯನ್ನು ಉತ್ತರಕ್ಕೆ ತಿರುಗಿಸಿದೆ. ನನ್ನ ಸ್ಥಾನ ಕಣ್ಣೆದುರಿಗೇ ಜಾರತೊಡಗಿತು. ಅದಕ್ಕೆ ಹೊಟ್ಟೆ ಉರಿದದ್ದೂ ನಿಜ, ಹಾಗೆ ಉರಿದದ್ದಕ್ಕೆ ನಾಚಿಕೆಯಾದದ್ದೂ ನಿಜ. ಊರಿನ ಕಾಗದದ ಗಿರಣಿಯ ಪಾಳಿಯ ಭೋಂಗಾ ಕೂಗಿತು, ಕಾಲೇಜಿಗೆ ಹೋದೆ, ಯಾವ ಸಮಾಸವನ್ನು ಹೇಗೆ ಬಿಡಿಸಿದೆನೋ ತಿಳಿಯದು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೊಬೈಲು ಕಿಣಿಗುಟ್ಟಿತು. ಗಿರಿಜಾಳಿಗೂ ಕೇಳಲೆಂದು ಓದಿದೆ. "ಅಪ್ಪಾ, ಗಾಳಿ ಭಾಳ ಐತಂತ ನಮ್ಮ ಕ್ಯಾಪ್ಟನ್ ಹಡಗ ಉತ್ತರಕ್ಕ ಹೊಳ್ಳಿಸ್ಯಾರ. ನಾನು ಆರಾಮ ಅದೇನಿ. ನಿನ್ನ ದೋಣಿ ಎಲ್ಲೈತಿ?"

ಪಂದ್ಯದಲ್ಲಿ ನಾನೀಗ ಎಷ್ಟು ಹಿಂದಿದ್ದೇನೆಂದು ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೆ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಪಕ್ಕದಲ್ಲಿ ಕೂತಳು.

"ನಿನ್ನ ಬಾಜೂಕ ಐತಿ ಅಂತ ಬರೀರಿ," ಎಂದಳು.

ಹಾಗೆಯೇ ಬರೆದೆ.